ರ ಗ ಸ ದ ಅ ದಾಟದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಹೆಸರು ಮತ್ತು ಗುರುತು ಹಿಡಿಯಬಹುದಾದ ವಿವರಗಳನ್ನು ಬದಲಿಸಿದೆ. ಹೆತ್ತವರ ಮತ್ತು ಹುಡುಗಿಯ ಒಪ್ಪಿಗೆ ಪಡೆದು ಬರೆದದ್ದು.)

ಹುಲಿಗೆಮ್ಮನಿಗೆ ಹನ್ನೊಂದು ತುಂಬಿತ್ತು. ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ 2024–25ರಲ್ಲಿ ಆರನೇ ತರಗತಿ. ನನ್ನ ಬಳಿ ಕಳಿಸಿದ್ದು ಅವಳಿಗೆ ಕನ್ನಡ ಕಲಿಸುವ ಮಾಸ್ತರರು. ಚೀಟಿಯಲ್ಲಿ ಹೀಗಿತ್ತು: 'ಬೋರ್ಡ್ ಮೇಲಿನದನ್ನು ಒಂದು ತಪ್ಪಿಲ್ಲದೆ ದುಂಡಗೆ ಬರೆಯುತ್ತಾಳೆ. ಅದನ್ನೇ ಓದು ಎಂದರೆ ಬಾಯಿ ಬಿಡುವುದಿಲ್ಲ. ಈಚೆಗೆ ಶಾಲೆಗೂ ಸರಿಯಾಗಿ ಬರುತ್ತಿಲ್ಲ. ಕಲಿಕಾ ನ್ಯೂನತೆ ಇದ್ದರೆ ಸರ್ಟಿಫಿಕೇಟ್ ಮಾಡಿಸಿಕೊಡಲು ಸಾಧ್ಯವೇ?'

ಆ ಮಾಸ್ತರರ ಬಗ್ಗೆ ಮೊದಲೇ ಹೇಳಬೇಕು. ಅವರು ಮಗುವನ್ನು ಕೈಬಿಟ್ಟವರಲ್ಲ, ಕಣ್ಣಿಟ್ಟು ನೋಡಿದವರು. ಓದಲಾರದ ಮಗು ಇಷ್ಟು ಚೆನ್ನಾಗಿ ಬರೆಯುವುದು ಹೇಗೆ ಎಂದು ಅವರಿಗೆ ಅನ್ನಿಸಿದ್ದರಿಂದಲೇ ಈ ಪ್ರಕರಣ ಶುರುವಾಯಿತು. ಶಾಲಾ ಮನೋವಿಜ್ಞಾನದ ಚರಿತ್ರೆಯೂ ಶುರುವಾಗುವುದು ಹೆಚ್ಚುಕಡಿಮೆ ಹೀಗೆಯೇ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಲೈಟ್ನರ್ ವಿಟ್ಮರ್ ಮಕ್ಕಳಿಗಾಗಿ ತೆರೆದ ಮನೋವೈಜ್ಞಾನಿಕ ಕ್ಲಿನಿಕ್ಕಿಗೆ ಬಂದ ಮೊದಲ ಹುಡುಗನಿಗೆ ಕಾಗುಣಿತ ಹತ್ತುತ್ತಿರಲಿಲ್ಲ. ಅವನನ್ನು ಕರೆತಂದವರೂ ಒಬ್ಬ ಶಿಕ್ಷಕಿ. ವಿಟ್ಮರ್ ಮೊದಲು ನೋಡಿಸಿದ್ದರಲ್ಲಿ ಆ ಹುಡುಗನ ಕಣ್ಣೂ ಒಂದು.

ಅವ್ವ ಮಗಳ ಜೊತೆ ಬಂದಳು. ಹುಡುಗಿಯ ಮುಂಗೈಗೆ ಕರೀದಾರ ಕಟ್ಟಿತ್ತು. 'ಸಾಲಿ ಹೆಸರು ತಗದ್ರ ಸಾಕ್ರೀ ಮೇಡಮ್ಮಾರ, ಹೊಟ್ಟಿ ಹಿಡ್ಕೊಂಡು ಕುಂದರ್ತಾಳ. ಯಾರ ಕಣ್ಣು ಬಿದ್ದದೋ ಏನೋ. ಇವರಪ್ಪ ಅಂತೂ, ಓದು ತಲಿಗಿ ಹತ್ತವಲ್ದು, ಬಿಡಿಸಿಬಿಡು, ಹತ್ತಿ ಬಿಡಿಸಾಕರ ಬರ್ತಾಳ ಅಂತಾನ.' ನೋವು ಭಾನುವಾರ ಇರುವುದಿಲ್ಲ, ದಸರೆ ರಜೆಯಲ್ಲೂ ಇರಲಿಲ್ಲ. ಹಾಗೆಂದು ಅದು ನಾಟಕವಲ್ಲ. ಭಯದಿಂದ ಬರುವ ಹೊಟ್ಟೆನೋವು ನಿಜವಾಗಿಯೂ ನೋಯುತ್ತದೆ, ಇದನ್ನು ಅವ್ವನಿಗೆ ಬಿಡಿಸಿ ಹೇಳಿದೆ. ಆದರೂ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿದೆ. ಅಲ್ಲಿ ರಕ್ತಹೀನತೆ ಕಂಡು ಕಬ್ಬಿಣಾಂಶದ ಮಾತ್ರೆ ಕೊಟ್ಟರು, ಜಂತುಹುಳುವಿನ ಮಾತ್ರೆಯೂ ಆಯಿತು. ಕಣ್ಣು, ಕಿವಿ ಎರಡೂ ಸರಿಯಾಗಿದ್ದವು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಿದ್ದಾಗ ಇವಳು ಊರಲ್ಲೇ ಇರಲಿಲ್ಲ, ಹಾಗಾಗಿ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಹುಡುಗಿಯ ಜೊತೆ ಒಬ್ಬಳೇ ಕೂತು ಮಾತಾಡಿದೆ. ಮಾತಾಡುವ ಮೊದಲು ಒಂದು ವಿಷಯ ಹೇಳಿಟ್ಟೆ: ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಆದರೆ ನಿನಗೆ ಯಾರಾದರೂ ಕೆಡುಕು ಮಾಡುತ್ತಿದ್ದರೆ ಮಾತ್ರ ಹೇಳಲೇಬೇಕಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಂತೆ ಅದು ನಮ್ಮ ಕರ್ತವ್ಯ. ಹೆಣ್ಣುಮಗು ಶಾಲೆ ಒಲ್ಲೆ ಎಂದಾಗ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಬಾರದು. ಅಂಥದೇನೂ ಇರಲಿಲ್ಲ. ಇದ್ದದ್ದು ಬೇರೆ. ಒಂದು ದಿನ ಎದ್ದು ನಿಂತು ಓದು ಎಂದಾಗ ಅವಳು ಸುಮ್ಮನೆ ನಿಂತಳು, ಪಾಠ ಮುಗಿಯುವವರೆಗೂ ನಿಲ್ಲಿಸಿದರು, ಹುಡುಗರು ನಕ್ಕರು. ಹೊಟ್ಟೆನೋವು ಶುರುವಾದದ್ದು ಆ ವಾರದಿಂದ.

ಆಮೇಲೆ ಅವಳಿಗೆ ಒಂದು ಕಥೆ ಓದಿ ಹೇಳಿದೆ. ತಿರುಗಿ ಹೇಳು ಎಂದರೆ, ನಾನು ಬಿಟ್ಟುಬಿಟ್ಟಿದ್ದ ಕಾರಣವನ್ನೂ ತಾನೇ ಊಹಿಸಿ ಸೇರಿಸಿ ಹೇಳಿದಳು. 'ಕಿಲೋಗೆ ಹನ್ನೆರಡು ರೂಪಾಯಿಯಂಗ ಹದಿನೆಂಟು ಕಿಲೋ ಹತ್ತಿ ಬಿಡಿಸಿದ್ರ ಎಷ್ಟು ಕೂಲಿ?' ಎಂದರೆ ಬೆರಳು ಎಣಿಸದೆ 216 ಎಂದಳು. ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ವಿ.ವಿ. ಕಾಮತ್ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆಯಲ್ಲೂ ಅವಳ ಬುದ್ಧಿಮಟ್ಟ ವಯಸ್ಸಿಗೆ ತಕ್ಕಂತೆಯೇ ಬಂತು. ಆ ಅಂಕವನ್ನು ಶಾಲೆಗೆ ಕೊಡಲಿಲ್ಲ. ಅಂಕ ಒಮ್ಮೆ ಕಡತ ಸೇರಿದರೆ ಮಗುವಿನ ಹೆಸರಿಗಿಂತ ಮುಂದೆ ಅದೇ ಓಡಾಡುತ್ತದೆ.

ಓದಿನ ಪರೀಕ್ಷೆಯಲ್ಲಿ ನಿಜ ಸಂಗತಿ ಹೊರಬಿತ್ತು. ಸರ್ಕಾರಿ ಶಾಲೆಗಳ ಮೊದಲ ತರಗತಿಗಳಲ್ಲಿರುವ ನಲಿ-ಕಲಿ ಪದ್ಧತಿಯಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಹುಲಿಗೆಮ್ಮ ಅರಸ, ಸರ, ಗರಗಸ, ದಸರ ಇವನ್ನು ಥಟ್ಟನೆ ಓದಿದಳು. ಎರಡನೇ ಗುಂಪಿನಲ್ಲಿ ತಡವರಿಸಿದಳು. ಅದರಾಚೆಗೆ ಏನೂ ಇಲ್ಲ. ಗುಣಿತಾಕ್ಷರ ಅಲ್ಲೊಂದು ಇಲ್ಲೊಂದು, ಒತ್ತಕ್ಷರ ಅಪರಿಚಿತ. ಓದಲು ಬಾರದ ಅಕ್ಷರಗಳನ್ನು ಅವಳು ರಂಗೋಲಿ ಎಳೆ ಎಳೆದಂತೆ ನೋಡಿ ನೋಡಿ ಬರೆಯುತ್ತಿದ್ದಳು.

ಓದಿನ ನ್ಯೂನತೆ, ಎಂದರೆ ಬುದ್ಧಿ ಸರಿಯಿದ್ದು ಸರಿಯಾಗಿ ಕಲಿಸಿದರೂ ಓದು ಹತ್ತದ ತೊಂದರೆ, ಇರುವ ಮಗುವಿನ ತಪ್ಪುಗಳು ಸಾಮಾನ್ಯವಾಗಿ ಹೀಗೆ ಗೆರೆ ಕೊಯ್ದಂತೆ ಒಂದು ಕಡೆ ನಿಲ್ಲುವುದಿಲ್ಲ. ಅಂಥ ಮಗು ಕಲಿತ ಅಕ್ಷರದಲ್ಲೂ ಎಡವುತ್ತದೆ, ನಿನ್ನೆ ಬಂದದ್ದು ಇಂದು ಬರುವುದಿಲ್ಲ. ಇವಳದು ಎಲ್ಲಿಯವರೆಗೆ ಕಲಿಸಿದ್ದರೋ ಅಲ್ಲಿಯವರೆಗೆ ಪಕ್ಕಾ. ಹಾಜರಿ ಪುಸ್ತಕ ತೆಗೆಸಿ ನೋಡಿದಾಗ ಕಾರಣವೂ ಸಿಕ್ಕಿತು. ದೇವದುರ್ಗ, ಲಿಂಗಸುಗೂರು, ಮಾನ್ವಿ ಕಡೆಯ ಎಷ್ಟೋ ಮನೆಗಳಂತೆ ಇವರದೂ ಗುಳೆ ಹೋಗುವ ಮನೆ. ಹತ್ತಿ ಬಿಡಿಸುವುದು ಮುಗಿದರೆ ಬೆಂಗಳೂರಿನ ಕಟ್ಟಡ ಕೆಲಸ, ಮುಂಗಾರಿಗೆ ವಾಪಸ್. ತಮ್ಮ ಹುಟ್ಟಿದ ಮೇಲೆ ಅವನನ್ನು ಆಡಿಸಲು ಹುಲಿಗೆಮ್ಮ ಬೇಕೇ ಬೇಕಾದಳು. ಇದರ ನಡುವೆ ಕೋವಿಡ್. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅವಳ ಎರಡನೇ ತರಗತಿ ಪೂರ್ತಿ ಅದರಲ್ಲೇ ಹೋಯಿತು. ಊರಿಗೆ ಬಂದಾಗಲೆಲ್ಲ ಶಾಲೆಯಲ್ಲಿ ಅವಳನ್ನು ಪ್ರೀತಿಯಿಂದಲೇ ಕೂರಿಸಿಕೊಂಡು ಮೊದಲಿಂದ ಶುರು ಮಾಡಿದ್ದಾರೆ, ಅಂದರೆ ರ ಗ ಸ ದ ಅ. ಎರಡನೇ ಗುಂಪು ಮುಗಿಯುವಷ್ಟರಲ್ಲಿ ಮತ್ತೆ ಗುಳೆ.

ಸರ್ಟಿಫಿಕೇಟಿನ ವಿಷಯ ಮಾಸ್ತರರೊಂದಿಗೆ ಬಹಳ ಹೊತ್ತು ಮಾತಾಡಿದೆ. ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು. ಅದು ಇರುವ ಮಗುವಿಗೆ ಪ್ರಮಾಣಪತ್ರ ಸಿಗಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು ಆ ಮಗುವಿನ ಹಕ್ಕು. ಆದರೆ ಸರಿಯಾಗಿ ಕಲಿಸಿಯೂ ಕನಿಷ್ಠ 6 ತಿಂಗಳು ತೊಂದರೆ ಉಳಿದರೆ ಮಾತ್ರ ಅದನ್ನು ನ್ಯೂನತೆ ಎನ್ನಬೇಕು. ಕಲಿಸುವುದೇ ತುಂಡುತುಂಡಾಗಿದ್ದರೆ ಆ ಹೆಸರು ಕೊಡುವಂತಿಲ್ಲ. ಈ ಹುಡುಗಿಗೆ ಈಗ ಪ್ರಮಾಣಪತ್ರ ಕೊಡಿಸಿದರೆ, ಇವಳಿಗೆ ಕಲಿಸದೇ ಇರಲು ನಾವೇ ಸಹಿ ಹಾಕಿ ಕೊಟ್ಟಂತೆ. ಅವರು ಒಪ್ಪಿದರು. 'ಒಬ್ಬನೇ ಮೂರು ತರಗತಿ ನೋಡ್ತೀನ್ರೀ ಮೇಡಂ, ಟೈಮ್ ಎಲ್ಲಿಂದ ತರ್ಲಿ?' ಎಂದರು. ಅದು ನೆಪವಲ್ಲ. ಅವರ ದಿನಚರಿ ನೋಡಿಯೇ ಸಲಹೆ ಬರೆದೆ.

ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆ. ಇವಳೊಬ್ಬಳನ್ನೇ ಅಲ್ಲ, ಇದೇ ತೊಡಕಿರುವ ಇನ್ನೂ ಕೆಲವು ಮಕ್ಕಳನ್ನು ಸೇರಿಸಿ ಕೂರಿಸಿ. ರ ಗ ಸ ದ ಅ ಮತ್ತೆ ಹೇಳಿಸಬೇಡಿ, ಜ ವ ಮ ಬ ನ ಎಂಬಲ್ಲಿಂದ ಹಿಡಿಯಿರಿ. ಅಕ್ಷರ ಮುಗಿದ ಮೇಲೆ ಗುಣಿತ, ಗುಣಿತ ಗಟ್ಟಿಯಾದ ಮೇಲೇ ಒತ್ತು. ಬೋರ್ಡ್ ನೋಡಿ ಬರೆಯುವ ಕೆಲಸವನ್ನು ಅವಳಿಗೆ ಸದ್ಯ ಕಡಿಮೆ ಮಾಡಿ, ಅದರಿಂದ ಅವಳು ಕಲಿಯುತ್ತಿರುವುದು ಏನೂ ಇಲ್ಲ. ವಿಜ್ಞಾನ, ಸಮಾಜ ಬಾಯಲ್ಲಿ ಕೇಳಿ, ಬಾಯಲ್ಲೇ ಅಂಕ ಕೊಡಿ. ತರಗತಿಯ ಮುಂದೆ ಓದಿಸುವುದಾದರೆ ಹಿಂದಿನ ದಿನವೇ ಆ ಸಾಲುಗಳನ್ನು ಕೊಟ್ಟು ಅಭ್ಯಾಸ ಮಾಡಿಸಿ. ಎಲ್ಲರೆದುರು ನಿಲ್ಲಿಸುವುದು ಇನ್ನು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿದಳು ಎಂದು ವಾರಕ್ಕೊಮ್ಮೆ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ನಾಳೆ ನಿಜವಾಗಿ ನ್ಯೂನತೆಯ ಸಂಶಯ ಬಂದರೆ ನಿಮ್ಹಾನ್ಸ್ ರೂಪಿಸಿದ ಕಲಿಕಾ ನ್ಯೂನತೆಯ ಪರೀಕ್ಷೆಗಳಿಗೆ ಕಳಿಸುವಾಗ ಆ ನೋಟುಬುಕ್ಕೇ ಮುಖ್ಯ ಆಧಾರ.

ಮನೆಯವರಿಗೆ ಹೇಳಿದ್ದು ಕಡಿಮೆ. ದಾರ ಕಟ್ಟಿದ್ದೀರಿ, ಇರಲಿ, ಮಾತ್ರೆಯನ್ನೂ ತಪ್ಪಿಸಬೇಡಿ. ಹೊಟ್ಟೆ ನೋಯುತ್ತದೆ ಎಂದ ದಿನವೂ ರೊಟ್ಟಿ ತಿನ್ನಿಸಿ ಶಾಲೆಗೇ ಕಳಿಸಿ, ಅಲ್ಲಿ ಮಲಗಲು ಜಾಗ ಮಾಡಿದ್ದೇವೆ. ಮನೆಯಲ್ಲಿ ಉಳಿಸಿಕೊಂಡರೆ ಭಯ ಮಾರನೆಯ ದಿನಕ್ಕೆ ಬೆಳೆಯುತ್ತದೆ. ದಡ್ಡಿ ಎಂಬ ಮಾತು ಮನೆಯಲ್ಲಿ ಬೇಡ.

ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು, ಏಕೆಂದರೆ ಅವನ ಲೆಕ್ಕ ಸುಳ್ಳಲ್ಲ. ಮೇಸ್ತ್ರಿಯಿಂದ ಮುಂಗಡ ತಂದಾಗಿದೆ, ಗಂಡಹೆಂಡತಿ ಇಬ್ಬರೂ ದುಡಿಯಬೇಕು, ಚಿಕ್ಕವನನ್ನು ಯಾರು ನೋಡಬೇಕು? ಓದಿನ ಮಹತ್ವದ ಬಗ್ಗೆ ಅವನಿಗೆ ಭಾಷಣ ಮಾಡುವುದು ನನಗೆ ಸರಿ ಕಾಣಲಿಲ್ಲ. ಮಗಳನ್ನು ಎದುರಿಗೆ ಕೂರಿಸಿ ಆ ಹತ್ತಿ ಲೆಕ್ಕ ಕೇಳಿದೆ, ಇನ್ನೂ ಎರಡು ಕಠಿಣ ಲೆಕ್ಕವನ್ನೂ ಕೇಳಿದೆ. 'ಇಷ್ಟು ನನಗೂ ಬರಂಗಿಲ್ರೀ' ಎಂದ. ಮಗಳು ಅಜ್ಜಿಯ ಬಳಿ ಊರಲ್ಲಿ ಉಳಿಯಲಿ, ಮುಂದಿನ ವರ್ಷ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಲ್ಲಿ ಏಳನೇ ತರಗತಿಗೆ ಸೀಟು ಕೇಳೋಣ ಎಂದೆ. 2004ರಲ್ಲಿ ಶುರುವಾದ ಈ ವಸತಿ ಶಾಲೆಗಳು ಇಂಥ ಹೆಣ್ಣುಮಕ್ಕಳಿಗಾಗಿಯೇ ಇರುವುದು. ಮುಖ್ಯ ಶಿಕ್ಷಕರು, ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರು ಇಬ್ಬರನ್ನೂ ಅದೇ ಮಾತುಕತೆಗೆ ಕೂರಿಸಿಕೊಂಡಿದ್ದೆ. ಶಾಲೆ, ಮನೆ, ಮಗು ಮೂವರೂ ಒಂದೇ ಕಡೆ ಕೂತರೆ ಮಾತ್ರ ಇಂಥ ತೀರ್ಮಾನ ನಿಲ್ಲುತ್ತದೆ. ನಮ್ಮ ಕೆಲಸದ ಮುಕ್ಕಾಲು ಪಾಲು ಹೀಗೆ ಕೂರಿಸುವುದೇ.

ಹುಡುಗಿಗೆ ಹೇಳಿದ್ದು ಇಷ್ಟು: 'ನಿನಗ ಯಾರೂ ಪೂರ್ತಿ ಕಲಿಸಿಲ್ಲವ್ವ. ಕಲಿಸಿದಷ್ಟು ನೀ ಕಲ್ತೀದಿ.'

ನೂರು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಒಬ್ಬ ಅರ್ಹ ಆಪ್ತಸಲಹೆಗಾರರೋ ಮನೋವಿಜ್ಞಾನಿಯೋ ಇರಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ನಮ್ಮ ಕಡೆಯ ಹಳ್ಳಿ ಶಾಲೆಗಳಿಗೆ ಅಂಥವರು ಸಿಗುವುದು ಇನ್ನೂ ಅಪರೂಪ, ಇದು ನನ್ನನ್ನು ಬಹಳ ನೋಯಿಸುತ್ತದೆ. ಪಕ್ಕದ ಬಳ್ಳಾರಿಯಲ್ಲೇ 1985ರಲ್ಲಿ ನಿಮ್ಹಾನ್ಸ್ ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಪ್ರಯೋಗ ಶುರು ಮಾಡಿತು, 1996ರಲ್ಲಿ ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೆ ದಾರಿ ತೋರಿಸಿದ ಸೀಮೆಯ ಮಕ್ಕಳಿಗೆ ಶಾಲೆಯೊಳಗೇ ಈ ನೆರವು ಸಿಗಬೇಕು. ಅಲ್ಲಿಯವರೆಗೆ ಶಿಕ್ಷಕರು, ಹೆತ್ತವರು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು; ಮಗು ಅಪಾಯದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098.

ಹುಲಿಗೆಮ್ಮ ಆ ಗುಳೆಯ ಹಂಗಾಮಿನಲ್ಲಿ ಊರಲ್ಲೇ ಉಳಿದಳು. ಮಾರ್ಚ್ ಹೊತ್ತಿಗೆ ಗುಣಿತ ಮುಗಿದು ಒತ್ತಕ್ಷರ ಹಿಡಿದಿದ್ದಳು. ಓದು ಇನ್ನೂ ನಿಧಾನ, ಆರನೇ ತರಗತಿಯ ಪುಸ್ತಕ ಇನ್ನೂ ದೂರ. ಹೊಟ್ಟೆನೋವು ಪರೀಕ್ಷೆಯ ವಾರ ಒಮ್ಮೆ ಮರಳಿತು, ಆದರೆ ಶಾಲೆ ತಪ್ಪಿಸಲಿಲ್ಲ. ಒಂದನೇ ತರಗತಿಯ ತಮ್ಮ ಮಾತ್ರ ಹೆತ್ತವರ ಜೊತೆ ಬೆಂಗಳೂರಿಗೆ ಹೋದ. ವಯಸ್ಸಿಗೆ ತಕ್ಕ ತರಗತಿಗೆ ಸೇರುವುದು ಅವನ ಹಕ್ಕು, ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ನಿರಾಕರಿಸುವಂತಿಲ್ಲ ಎಂದು ಅವ್ವನಿಗೆ ಹೇಳಿ, ಅವನಿಗೆ ಯಾವ ಅಕ್ಷರದವರೆಗೆ ಬರುತ್ತದೆ ಎಂದು ಮಾಸ್ತರರ ಕೈಯಲ್ಲೇ ಚೀಟಿ ಬರೆಸಿ ಕೊಟ್ಟೆವು. ಅಲ್ಲಿ ಸೇರಿಸಿಕೊಂಡವರು ಮುಂದಿನದನ್ನು ಅದೇ ಚೀಟಿಯಲ್ಲಿ ಬರೆದು ಕಳಿಸಲಿ ಎಂದು ಕೇಳಿಕೊಂಡಿದ್ದೇವೆ.