ಪ್ರಪಂಚದಲ್ಲಿ ನೋಡೋಕೆ ಅತಿ ಕೆಟ್ಟದಾಗಿರುವ ರೈಲು ಯಾವುದು? ಅಂಥವನ್ನು ಯಾಕೆ ಕಟ್ಟುತ್ತಾರೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಅತಿ ಕುರೂಪಿ ರೈಲು ಯಾವುದು ಅನ್ನುವುದು ಒಂದು. ಅಷ್ಟು ದುಡ್ಡು ಸುರಿದು ಅಂಥದ್ದನ್ನು ಯಾಕೆ ಕಟ್ಟುತ್ತಾರೆ ಅನ್ನುವುದು ಇನ್ನೊಂದು. ನನಗೆ ಎರಡನೆಯದರ ಮೇಲೇ ಪ್ರೀತಿ ಜಾಸ್ತಿ. ರೈಲಿನ ಹುಚ್ಚು ಹಿಡಿದು ಎಷ್ಟೋ ವರ್ಷವಾಯಿತು. ಯಾವ ಗಾಡಿಯ ಮುಖ ವಿಕಾರವಾಗಿದೆ ಅನ್ನಿಸುತ್ತದೋ ಅದರ ಹಿಂದೆ ಹೋಗಿ ಕಾರಣ ಹುಡುಕುವುದೇ ಒಂದು ಅಭ್ಯಾಸವಾಗಿಬಿಟ್ಟಿದೆ.

ಇಂಥ ಪಟ್ಟಿಯನ್ನು ಯಾರೇ ಮಾಡಲಿ, ಡೆನ್ಮಾರ್ಕಿನ ಐಸಿ3 ಅದರಲ್ಲಿ ಮೇಲೆಯೇ ಇರುತ್ತದೆ. 1990ರ ಆಸುಪಾಸಿನಲ್ಲಿ ಓಡಾಟಕ್ಕೆ ಬಂದ, ಮೂರು ಡಬ್ಬಿಗಳ ಡೀಸೆಲ್ ರೈಲು ಇದು. ಮೈ ಚೆನ್ನಾಗಿಯೇ ಇದೆ. ಮುಖ ಮಾತ್ರ ಲಾರಿಯ ಟ್ಯೂಬನ್ನು ಊದಿಸಿ ಸುತ್ತಲೂ ಕಟ್ಟಿದ ಹಾಗಿದೆ. ದಪ್ಪ ಕಪ್ಪು ರಬ್ಬರಿನ ಉಂಗುರ, ಅದರ ಮಧ್ಯದಲ್ಲಿ ಒಳಗೆ ಸರಿದ ಚಪ್ಪಟೆ ಗಾಜು. ಮೊದಲ ಸಲ ಫೋಟೋ ನೋಡಿದಾಗ ನನಗೂ ಇದೇನಪ್ಪ ಅನ್ನಿಸಿತ್ತು.

ಆಮೇಲೊಂದು ದಿನ ಫ್ರೆಡೆರಿಸಿಯಾ ಅನ್ನುವ ಜಂಕ್ಷನ್‌ನಲ್ಲಿ ಎರಡು ಐಸಿ3ಗಳು ಕೂಡಿಕೊಳ್ಳುವುದನ್ನು ಹತ್ತಿರದಿಂದ ನೋಡಿದೆ. ಒಂದು ಗಾಡಿ ಮೊದಲೇ ಬಂದು ನಿಂತಿತ್ತು. ಇನ್ನೊಂದು ಮನುಷ್ಯ ನಡೆಯುವಷ್ಟು ನಿಧಾನವಾಗಿ ಹಿಂದಿನಿಂದ ಬಂತು. ಕೆಳಗಿನ ಕೊಂಡಿ ಕಟಕ್ ಅಂತ ಕೂತಿತು. ರಬ್ಬರಿನ ಮುಖಗಳೆರಡೂ ಒಂದನ್ನೊಂದು ಒತ್ತಿಕೊಂಡು ಚಪ್ಪಟೆಯಾದವು. ಪಕ್ಕದಲ್ಲಿ ನಿಂತು ನೋಡಿದರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಅಂತ ಹುಡುಕಬೇಕು, ಅಷ್ಟು ಬಿಗಿ. ಒಳಗೆ ಹೋಗಿ ನೋಡಿದರೆ ಡ್ರೈವರ್ ಕೋಣೆಯೇ ಇಲ್ಲ! ಮುಂದಿನ ಗಾಜು, ಹಿಡಿಗಳು, ಮೀಟರುಗಳು ಇದ್ದ ಮೇಜು, ಎಲ್ಲವೂ ಒಂದು ದೊಡ್ಡ ಬಾಗಿಲಿನ ಹಾಗೆ ತಿರುಗಿ ಪಕ್ಕದ ಗೋಡೆಗೆ ಸೇರಿಕೊಂಡಿದ್ದವು. ಸ್ವಲ್ಪ ಹೊತ್ತಿನ ಮುಂಚೆ ರೈಲಿನ ಮುಖವಾಗಿದ್ದ ಜಾಗದಲ್ಲಿ ಒಬ್ಬ ಅಜ್ಜಿ ಕೈಚೀಲ ಹಿಡಿದು ಆರಾಮಾಗಿ ಈ ಗಾಡಿಯಿಂದ ಆ ಗಾಡಿಗೆ ನಡೆದು ಹೋದರು.

ಡೆನ್ಮಾರ್ಕ್ ದ್ವೀಪಗಳ ದೇಶ. ಕೋಪನ್‌ಹೇಗನ್‌ನಿಂದ ಹೊರಟ ಜನ ಚಿಕ್ಕಚಿಕ್ಕ ಊರುಗಳಿಗೆ ಚದುರಿ ಹೋಗಬೇಕು. ಪ್ರತಿ ಊರಿಗೂ ಬೇರೆ ರೈಲು ಬಿಟ್ಟರೆ ಹಳಿ ಸಾಲುವುದಿಲ್ಲ. ಅದಕ್ಕೆ ಎರಡು ಮೂರು ಗಾಡಿಗಳನ್ನು ಕೂಡಿಸಿ ಒಟ್ಟಿಗೆ ಓಡಿಸುತ್ತಾರೆ, ಜಂಕ್ಷನ್ ಬಂದಾಗ ಬಿಡಿಸಿ ಅವರವರ ದಾರಿಗೆ ಕಳಿಸುತ್ತಾರೆ. ಚೂಪು ಮೂಗಿನ ರೈಲುಗಳನ್ನೂ ಹಾಗೆ ಜೋಡಿಸಬಹುದು ನಿಜ. ಆದರೆ ನಡುವೆ ದಾರಿ ಇರುವುದಿಲ್ಲ. ತಪ್ಪು ಗಾಡಿ ಹತ್ತಿದವರು ಇಳಿದು ಪ್ಲಾಟ್‌ಫಾರ್ಮ್ ಮೇಲೆ ಓಡಬೇಕು. ಒಂದು ಕಡೆ ಜನ ನಿಂತಿದ್ದರೂ ಇನ್ನೊಂದು ಕಡೆಯ ಖಾಲಿ ಸೀಟು ಅವರಿಗೆ ಸಿಗುವುದಿಲ್ಲ. ಐಸಿ3ರ ಜೊತೆಗೆ ಅದರ ವಿದ್ಯುತ್ ತಂಗಿ ಐಆರ್4 ಕೂಡ ಸೇರಿಕೊಂಡು ಓಡುತ್ತದೆ, ಅದಕ್ಕೂ ಇದೇ ಮುಖ. ಬೆಲ್ಜಿಯಂ, ಇಸ್ರೇಲ್, ಸ್ವೀಡನ್ ದೇಶಗಳೂ ಈ ರಬ್ಬರ್ ಮುಖವನ್ನು ತೆಗೆದುಕೊಂಡವು. ಇಷ್ಟು ಗೊತ್ತಾದ ಮೇಲೆ ನನ್ನ ಕಣ್ಣಿಗೆ ಅದು ಕೊಳಕಾಗಿ ಕಾಣುವುದೇ ನಿಂತುಹೋಯಿತು.

ಅಲ್ಲಿಂದ ನಾನು ಯಾವ ರೈಲನ್ನು ನೋಡಿದರೂ ಒಂದೇ ಮಾತು ಕೇಳಿಕೊಳ್ಳುತ್ತೇನೆ. ಈ ಅಂದಗೇಡಿತನದ ಕಷ್ಟ ಯಾರ ತಲೆಗೆ ಬಂತು? ಐಸಿ3 ವಿಷಯದಲ್ಲಿ ಯಾರ ತಲೆಗೂ ಇಲ್ಲ, ಕಣ್ಣಿಗೆ ಚೂರು ಬೇಸರ ಅಷ್ಟೇ.

ಬೇಕಂತಲೇ ಕುರೂಪ ಮಾಡಿದ ಇಂಜಿನ್ ಕೂಡ ಇದೆ, ಗೊತ್ತಾ? ಅಮೆರಿಕದಲ್ಲಿ ಜನರಲ್ ಮೋಟಾರ್ಸ್‌ನ ಇಂಜಿನ್ ವಿಭಾಗದವರು 1940ರ ದಶಕದಲ್ಲಿ ನುಣುಪು ಮೂಗಿನ ಚೆಂದದ ಡೀಸೆಲ್ ಇಂಜಿನ್ ಮಾಡುತ್ತಿದ್ದರು. ಆದರೆ ಅದರ ಮೈ ಡಬ್ಬಿಯಷ್ಟೇ ಅಗಲ. ಹಿಂದಕ್ಕೆ ತಿರುಗಿ ನೋಡಿದರೆ ಡ್ರೈವರಿಗೆ ಏನೂ ಕಾಣದು. ಷಂಟಿಂಗ್ ಮಾಡುವಾಗ, ಅಂದರೆ ಡಬ್ಬಿಗಳನ್ನು ಹಿಂದೆ ಮುಂದೆ ಸರಿಸಿ ಜೋಡಿಸುವಾಗ, ಹಳಿಯ ಪಕ್ಕದಲ್ಲಿ ಆಳು ನಿಂತು ಕೈಸನ್ನೆ ಮಾಡುವಾಗ, ಕಾಣದಿದ್ದರೆ ಹೇಗೆ? ಮೊದಲು ಬಿಎಲ್2 ಅಂತ ಒಂದು ಮಾಡಿದರು. ಅದೇ ಚೆಂದದ ಇಂಜಿನ್ನಿನ ಪಕ್ಕೆಗಳನ್ನು ಅಲ್ಲಲ್ಲಿ ಕೆತ್ತಿ ತೆಗೆದ ಹಾಗೆ ಇತ್ತು. ಚೆಲುವೂ ಉಳಿಯಲಿಲ್ಲ, ಅನುಕೂಲವೂ ಪೂರ್ತಿ ಬರಲಿಲ್ಲ. 58 ಮಾತ್ರ ತಯಾರಾದವು. ನನ್ನ ಪ್ರಕಾರ ಅಮೆರಿಕದ ಅತಿ ಕೆಟ್ಟ ಮುಖ ಅದೇ. ಅರ್ಧ ಮನಸ್ಸಿನ ಕೆಲಸ ನೋಡಿದ ಕೂಡಲೇ ಗೊತ್ತಾಗಿಬಿಡುತ್ತದೆ.

ಆಗ ಅಲ್ಲಿನ ಎಂಜಿನಿಯರ್ ಡಿಕ್ ಡಿಲ್ವರ್ತ್ ಅಂದದ ಆಸೆಯನ್ನೇ ಬಿಟ್ಟರು. ದೊಡ್ಡ ಸಾಹೇಬರ ಕಚೇರಿ ಹತ್ತಿರ ಯಾರೂ ತಂದು ನಿಲ್ಲಿಸಬಾರದು, ದೂರದ ಮೂಲೆಗೆ ಕಳಿಸಿ ದುಡಿಸಬೇಕು, ಅಷ್ಟು ಕುರೂಪವಾದ ಇಂಜಿನ್ ಮಾಡುವುದೇ ತನ್ನ ಕನಸು ಅಂತ ಅವರು ಹೇಳಿದ್ದರು. 1949ರಲ್ಲಿ ಬಂದ ಆ ಜಿಪಿ7 ಒಂದು ಉದ್ದನೆಯ ಪೆಟ್ಟಿಗೆ. ಸುತ್ತ ನಡೆಯೋಕೆ ಕಟ್ಟೆ, ಹಿಡಿಯೋಕೆ ಕಂಬಿ, ತೆರೆದರೆ ಇಂಜಿನ್ನಿಗೆ ಕೈ ಸಿಗುವ ಬಾಗಿಲುಗಳು. 1954ರ ಹೊತ್ತಿಗೆ 2,700ಕ್ಕೂ ಜಾಸ್ತಿ ಮಾರಾಟವಾದವು. ಮೂಲೆಗೆ ಹೋಗಲಿಲ್ಲ, ಮುಖ್ಯ ಹಳಿಯಲ್ಲೇ ಓಡಿದವು. ಇವತ್ತಿಗೂ ಅಮೆರಿಕದ ಗೂಡ್ಸ್ ಇಂಜಿನ್ ಅಂದರೆ ಕಣ್ಣಿಗೆ ಬರುವ ಆಕಾರ ಅದೇ ಅಲ್ವಾ?

ಬ್ರಿಟನ್ನಿನ ಕ್ಯೂ1 ಉಗಿ ಇಂಜಿನ್ ಕಥೆಯೂ ಹತ್ತಿರ ಹತ್ತಿರ ಇದೇ. 1942, ಯುದ್ಧದ ಕಾಲ. ಉಕ್ಕು ಸಿಗುತ್ತಿಲ್ಲ. ಆಲಿವರ್ ಬುಲೀಡ್ ಅನ್ನುವ ಎಂಜಿನಿಯರ್ ಬೇಡದ್ದೆಲ್ಲ ಕಿತ್ತು ಹಾಕಿದರು. ಚಕ್ರದ ಮೇಲಿನ ಮುಚ್ಚಳ ಇಲ್ಲ, ಪಕ್ಕದಲ್ಲಿ ಓಡಾಡುವ ಹಲಗೆ ಇಲ್ಲ. ಬಾಯ್ಲರಿನ ಬಿಸಿ ಹೊರಗೆ ಹೋಗದಂತೆ ಸುತ್ತಿದ ಗಾಜಿನ ನಾರು ಎಷ್ಟು ಮೆತ್ತಗೆ ಅಂದರೆ ಅದರ ಮೇಲೆ ತಗಡು ಹೊದಿಸಿದರೆ ಕುಸಿಯುತ್ತಿತ್ತು. ಅದಕ್ಕೆ ತಗಡಿನ ಭಾರವನ್ನು ಕೆಳಗಿನ ಚೌಕಟ್ಟಿನ ಮೇಲೆ ಹೊರಿಸಿದರು. ಆ ಬಿಸ್ಕತ್ತು ಡಬ್ಬಿಯ ಆಕಾರ ಬಂದದ್ದು ಹಾಗೆ. 40 ಇಂಜಿನ್ ಕಟ್ಟಿದರು. ಅಷ್ಟು ಹಗುರವಿದ್ದೂ ಅಷ್ಟು ಬಲ ಇದ್ದದ್ದರಿಂದ ದೊಡ್ಡ ಇಂಜಿನ್ ಹೋಗಲಾಗದ ಹಳಿಗಳಲ್ಲೂ ಭಾರದ ಗೂಡ್ಸ್ ಎಳೆದವು. ಮೊದಲನೆಯದಾದ ಸಿ1 ಈಗ ಯಾರ್ಕ್‌ನ ರೈಲ್ವೆ ಮ್ಯೂಸಿಯಂ ಸಂಗ್ರಹದಲ್ಲಿದೆ. ಚೆಲುವೆಯರ ನಡುವೆ ಅದರ ಮುಂದೆಯೂ ಒಂದೈದು ನಿಮಿಷ ನಿಲ್ಲಿ.

ಫ್ರಾನ್ಸಿನಲ್ಲಿ 1950ರಿಂದ ಎಕ್ಸ್3800 ಅನ್ನುವ ಒಂಟಿ ಡಬ್ಬಿಯ ಡೀಸೆಲ್ ಗಾಡಿಗಳು ಬಂದವು, ಒಟ್ಟು 251. ಡ್ರೈವರ್ ಕೋಣೆಯನ್ನು ಛಾವಣಿಯ ಮೇಲೆ, ಅದೂ ಒಂದು ಪಕ್ಕಕ್ಕೆ, ಗೂಡಿನ ಹಾಗೆ ಇಟ್ಟಿದ್ದರು. ಜನ ಅದಕ್ಕೆ ಪಿಕಾಸೊ ಅಂತಲೇ ಹೆಸರಿಟ್ಟರು, ಪಿಕಾಸೊ ಚಿತ್ರದಲ್ಲಿ ಕಣ್ಣು ಎಲ್ಲೆಲ್ಲೋ ಇರುತ್ತದಲ್ಲ, ಹಾಗೆ. ಕಾರಣ ಉಳಿತಾಯ. ಎರಡು ತುದಿಗೆ ಎರಡು ಕೋಣೆ ಬೇಡ, ಒಂದೇ ಸಾಕು. ಡ್ರೈವರ್ ಹಳಿಗೆ ಅಡ್ಡವಾಗಿ ಕೂತು, ಹೋಗುವ ದಿಕ್ಕಿಗೆ ಕತ್ತು ತಿರುಗಿಸಿಕೊಂಡು ಓಡಿಸಬೇಕಿತ್ತು. ಇದೇ ಗಾಡಿಗಳು ಜನ ಕಡಿಮೆ ಇರುವ ಹಳ್ಳಿ ಮಾರ್ಗಗಳನ್ನು ವರ್ಷಗಟ್ಟಲೆ ಜೀವಂತ ಇಟ್ಟವು. ಆದರೆ ಇಲ್ಲಿ ನನ್ನ ಲೆಕ್ಕಕ್ಕೆ ಒಂದು ಕತ್ತು ನೋವು ಸೇರಿಕೊಳ್ಳುತ್ತದೆ.

ಜಪಾನಿನ ಶಿಂಕಾನ್‌ಸೆನ್, ಅಂದರೆ ಬುಲೆಟ್ ರೈಲುಗಳ ಮೂಗುಗಳ ಬಗ್ಗೆ ಹೇಳದೆ ಇರೋಕೆ ಆಗಲ್ಲ. 1997ರ 500 ಸರಣಿ ಎಲ್ಲರ ಕಣ್ಮಣಿ. ಮಿಂಚುಳ್ಳಿಯ ಕೊಕ್ಕಿನ ಹಾಗೆ 15 ಮೀಟರ್ ಉದ್ದದ ಮೂಗು, ಗಂಟೆಗೆ 300 ಕಿ.ಮೀ. ವೇಗ. ಎರಡೇ ವರ್ಷಕ್ಕೆ ಬಂದ 700 ಸರಣಿಯನ್ನು ನೋಡಿ ಜನ ಪ್ಲಾಟಿಪಸ್ ಅಂದರು, ಬಾತುಕೋಳಿಯಂಥ ಕೊಕ್ಕಿರುವ ಆ ಪ್ರಾಣಿಯ ಹೆಸರು. ಚಪ್ಪಟೆ ಕೊಕ್ಕು, ಮೇಲೆ ಗುಬುಟು. ಯಾಕೆ ಹೀಗಾಯಿತು? ವೇಗದ ರೈಲು ಸುರಂಗಕ್ಕೆ ನುಗ್ಗಿದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಆ ಒತ್ತಡದ ಅಲೆ ರೈಲಿಗಿಂತ ಮುಂಚೆ ಓಡಿ ಸುರಂಗದ ಆಚೆ ಬಾಯಿಂದ ಧಡಾರ್ ಅಂತ ಹೊರಗೆ ಬರುತ್ತದೆ. ಅಲ್ಲಿ ಮನೆಗಳಿದ್ದರೆ ಅವರ ಗತಿ? ಈ ರೈಲುಗಳು ಓಡುವ, ಒಸಾಕಾದಿಂದ ಪಶ್ಚಿಮಕ್ಕೆ ಹೋಗುವ ಸಾನ್ಯೋ ಮಾರ್ಗದಲ್ಲಿ ಅರ್ಧದಷ್ಟು ಸುರಂಗಗಳೇ.

ಅಲೆಯನ್ನು ಮೆತ್ತಗೆ ಮಾಡಬೇಕಾದರೆ ರೈಲಿನ ಅಡ್ಡಗಾತ್ರ, ಅಂದರೆ ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಗಾತ್ರ, ಮೂಗಿನ ತುದಿಯಿಂದ ಒಂದೇ ಸಮನಾಗಿ ಏರಬೇಕು. ಎಲ್ಲೂ ಥಟ್ಟನೆ ಉಬ್ಬಬಾರದು. ಉದ್ದ ಮೂಗಿದ್ದರೆ ಅದು ಸುಲಭ. ಆದರೆ ಉದ್ದ ಮೂಗು ಸೀಟುಗಳನ್ನು ನುಂಗುತ್ತದೆ. 500 ಸರಣಿಯ ಮೊದಲ ಡಬ್ಬಿಯಲ್ಲಿ ಮೂಗಿನ ಕಡೆ ಜನ ಹತ್ತುವ ಬಾಗಿಲಿಗೇ ಜಾಗ ಇರಲಿಲ್ಲ. 700ರಲ್ಲಿ ಮೂಗನ್ನು ಸುಮಾರು 9 ಮೀಟರಿಗೆ ಇಳಿಸಿದರು. ಡ್ರೈವರಿನ ತಲೆಗೆ ಜಾಗ ಮಾಡೋಕೆ ಮಧ್ಯದಲ್ಲಿ ಉಬ್ಬು ಬಂತು. ಆ ಉಬ್ಬಿನಿಂದ ಜಾಸ್ತಿಯಾದ ಗಾತ್ರವನ್ನು ಎರಡೂ ಕೆನ್ನೆಗಳಲ್ಲಿ ಕೆರೆದು ತೆಗೆದರು. ಕೆನ್ನೆ ಗುಳಿಬಿದ್ದ, ಕೊಕ್ಕು ಚಪ್ಪಟೆಯಾದ ಆ ಮುಖ ಬಂದದ್ದು ಹೀಗೆ. ಬಾಗಿಲು ವಾಪಸ್ ಬಂತು, ಸುರಂಗದ ಪಕ್ಕದವರ ನಿದ್ದೆಯೂ ಉಳಿಯಿತು. ಅದೇ ಕಾಲದ ಇ4 ಅನ್ನುವ ಡಬಲ್ ಡೆಕ್ಕರ್ ಇನ್ನೂ ದಪ್ಪ, ಇನ್ನೂ ಮೊಂಡು. ಎರಡು ಗಾಡಿ ಜೋಡಿಸಿದರೆ 1,634 ಸೀಟು. ಬೆಳಗ್ಗೆ ಕೆಲಸಕ್ಕೆ ಹೋಗುವವರನ್ನು ಕೂರಿಸಿಕೊಂಡು ಹೋಗೋಕೆ ಮಾಡಿದ ರೈಲು ಅದು. 2021ರಲ್ಲಿ ಅದರ ಕೊನೆಯ ಓಟವಾದಾಗ ನನಗೆ ನಿಜವಾಗಲೂ ಬೇಜಾರಾಯಿತು.

ಇಲ್ಲಿಯವರೆಗಿನ ಎಲ್ಲವನ್ನೂ ನಾನು ಪ್ರೀತಿಸುತ್ತೇನೆ. ಮುಂದಿನ ಎರಡನ್ನು ಹಾಗೆ ಹೇಳಲಾರೆ.

ಅಮೆರಿಕದಲ್ಲೇ ಒಂಟೆಬೆನ್ನು ಅನ್ನುವ ಉಗಿ ಇಂಜಿನ್ ಇತ್ತು, ಅವರ ಮಾತಿನಲ್ಲಿ ಕ್ಯಾಮೆಲ್‌ಬ್ಯಾಕ್. ಪೆನ್ಸಿಲ್ವೇನಿಯಾದ ಗಣಿಗಳಲ್ಲಿ ಆಂಥ್ರಸೈಟ್ ಕಲ್ಲಿದ್ದಲಿನ ಪುಡಿ ಗುಡ್ಡೆಗಟ್ಟಲೆ ಬಿದ್ದಿರುತ್ತಿತ್ತು. ಹೆಚ್ಚುಕಮ್ಮಿ ಪುಕ್ಕಟೆ. ಆದರೆ ಅದು ನಿಧಾನ ಉರಿಯುತ್ತದೆ, ಅಗಲವಾದ ಒಲೆ ಬೇಕು. 1877ರಲ್ಲಿ ಜಾನ್ ವೂಟನ್ ಅಂಥ ಒಲೆ ಮಾಡಿದರು. ಒಲೆ ಎಷ್ಟು ಅಗಲವಾಯಿತೆಂದರೆ ಅದರ ಹಿಂದೆ ಕೂತ ಡ್ರೈವರಿಗೆ ಮುಂದಿನ ಹಳಿ ಕಾಣದು. ಅದಕ್ಕೆ ಅವನ ಗೂಡನ್ನು ತಂದು ಬಾಯ್ಲರಿನ ನಡುವಿಗೆ ಏರಿಸಿದರು. ಅವನ ಪಕ್ಕದಲ್ಲೇ ಕುದಿಯುವ ಬಾಯ್ಲರ್. ಕಾಲ ಕೆಳಗೇ ಚಕ್ರಗಳನ್ನು ತಿರುಗಿಸುವ ಕಬ್ಬಿಣದ ದಂಡ. ಓಡುವಾಗ ಅದು ಮುರಿದರೆ ನೆಲ ಸೀಳಿಕೊಂಡು ಮೇಲೆ ಬರುತ್ತಿತ್ತು. ಕಲ್ಲಿದ್ದಲು ಹಾಕುವವನು ಹಿಂದೆ ಒಬ್ಬನೇ, ಮಳೆ ಹಿಮಕ್ಕೆ ಸರಿಯಾದ ಮರೆಯೂ ಇಲ್ಲದೆ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಕೊನೆಗೆ ಸರ್ಕಾರದ ಆಯೋಗವೇ ಇಂಥವನ್ನು ಹೊಸದಾಗಿ ಕಟ್ಟಬೇಡಿ ಅಂದಿತು. ಅಗ್ಗದ ಪುಡಿಯ ಬೆಲೆಯನ್ನು ಇಬ್ಬರು ಕೂಲಿಕಾರರು ಮೈಯಿಂದ ತೆತ್ತರು.

ಇನ್ನೊಂದು ಬ್ರಿಟನ್ನಿನ ಪೇಸರ್. 1980ರ ದಶಕ, ಹಳೆಯ ಡೀಸೆಲ್ ಗಾಡಿಗಳು ಸವೆದಿವೆ, ಕೈಯಲ್ಲಿ ದುಡ್ಡಿಲ್ಲ. ಆಗ ಲೇಲ್ಯಾಂಡ್ ನ್ಯಾಷನಲ್ ಬಸ್ಸಿನ ಮೈಯನ್ನೇ ತಂದು ಗೂಡ್ಸ್ ವ್ಯಾಗನ್ನಿನಂಥ ಚೌಕಟ್ಟಿನ ಮೇಲೆ ಕೂರಿಸಿದರು. ನಾವು ಇಡೀ ಡಬ್ಬಿಗೇ ಬೋಗಿ ಅನ್ನುತ್ತೇವೆ. ನಿಜವಾಗಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಎರಡೂ ತುದಿಗಿರುವ, ತಿರುವಿನಲ್ಲಿ ತಾನೇ ತಿರುಗುವ ಚಕ್ರಗಳ ಗಾಡಿ. ಪೇಸರಿಗೆ ಅದೇ ಇಲ್ಲ. ಡಬ್ಬಿಗೆ ನಾಲ್ಕೇ ಚಕ್ರ, ಎತ್ತಿನ ಬಂಡಿಯ ಹಾಗೆ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜಿ ಕಿರುಚುತ್ತಿತ್ತು. ಹಳಿಯ ಜೋಡಣೆ ಬಂದಾಗಲೆಲ್ಲ ಗಾಡಿ ಮೇಲೆ ಕೆಳಗೆ ತೂಗುತ್ತಿತ್ತು. ತಲೆದೂಗುವ ಕತ್ತೆ ಅಂತ ಜನ ಕರೆದರು. ಹೆಚ್ಚೆಂದರೆ 20 ವರ್ಷ ಅಂದುಕೊಂಡು ಮಾಡಿದ್ದು 2020, 2021ರವರೆಗೂ ಓಡಿತು. ಅದೂ ಉತ್ತರ ಇಂಗ್ಲೆಂಡ್, ವೇಲ್ಸ್‌ನಂಥ ಕಡೆಗಳಲ್ಲೇ ಜಾಸ್ತಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಅನುಕೂಲ ಇರಲೇಬೇಕು ಅನ್ನುವ ನಿಯಮ 2020ರಿಂದ ಬಿಗಿಯಾದ ಮೇಲೆಯೇ ಅದಕ್ಕೆ ಬಿಡುಗಡೆ.

ಪೇಸರ್ ಇಲ್ಲದಿದ್ದರೆ ಕೆಲವು ಮಾರ್ಗಗಳು ಮುಚ್ಚಿಯೇ ಹೋಗುತ್ತಿದ್ದವು ಅನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಾತ್ಕಾಲಿಕ ಅಂತ ಕೊಟ್ಟಿದ್ದನ್ನು ಒಂದು ತಲೆಮಾರು ಪೂರ್ತಿ ಹೇರಿದ್ದನ್ನು ಒಪ್ಪಲಾರೆ. ಹಾಗಾಗಿ ಒಂದೇ ಹೆಸರು ಹೇಳಿ ಅಂದರೆ ನನ್ನ ಉತ್ತರ ಪೇಸರ್. ಅದರ ಮುಖ ಪಾಪ ಅಷ್ಟೇನೂ ಕೆಟ್ಟದಾಗಿಲ್ಲ. ಒಳಗೆ ಕೂತು ದಿನಾ ಓಡಾಡಿದವರ ಸೊಂಟ, ಕಿವಿಗಳನ್ನು ನೆನೆದು ಹೇಳುತ್ತಿದ್ದೇನೆ. ನಿವೃತ್ತಿಯಾದ ಮೇಲೆ ಕೆಲವನ್ನು ಒಂದು ಆಸ್ಪತ್ರೆಗೆ, ಒಂದು ಶಾಲೆಗೆ, ಒಂದು ಸೇವಾ ಸಂಸ್ಥೆಗೆ ಕೊಟ್ಟರು. ನಿಂತ ಮೇಲೆ ಅದು ಒಳ್ಳೆಯ ಕೋಣೆಯಾಯಿತು ಅಂತ ಕೇಳಿ ಖುಷಿಯಾಯಿತು.

ಐಸಿ3 ನೋಡಬೇಕು ಅನ್ನಿಸಿದರೆ ಜಾಸ್ತಿ ತಡ ಮಾಡಬೇಡಿ. ಅವುಗಳ ಜಾಗಕ್ಕೆ 2021ರಲ್ಲೇ 100 ಹೊಸ ರೈಲುಗಳಿಗೆ ಆರ್ಡರ್ ಕೊಟ್ಟಾಗಿದೆ, ಅವಕ್ಕೆ ಈ ರಬ್ಬರ್ ಮುಖ ಇಲ್ಲ. ಫ್ರೆಡೆರಿಸಿಯಾದಲ್ಲಿ ಇಳಿದು ಸುಮ್ನೆ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ಸೇರುವ ಜಾಗ ಹುಡುಕಿ ನಿಲ್ಲಿ. ರಬ್ಬರ್ ಒತ್ತಿಕೊಂಡ ಕೂಡಲೇ ಓಡಿ ಒಳಗೆ ಹತ್ತಿ. ಡ್ರೈವರ್ ಆ ಮೇಜನ್ನು ತಿರುಗಿಸಿ ಗೋಡೆಗೆ ಸೇರಿಸುವುದು ಕಾಣಬೇಕೆಂದರೆ ಬೇಗ ಹೋಗಬೇಕು, ಅವರದು ತುಂಬಾ ಚುರುಕು ಕೈ.