ಕ್ಷಿಪಣಿ ಹಾರಿಸದ ಕಮಾಂಡರ್‌ಗೆ ಮಹಾವೀರ ಚಕ್ರ ಏಕೆ?

ಮಾನ್ಯರೇ,

ಕುಮಟಾದಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. 1971ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ‘ಕಿಲ್ತಾನ್’ ಯುದ್ಧನೌಕೆಯ ನಾಯಕರಾಗಿದ್ದ ಕಮಾಂಡರ್ ಕಾಸರಗೋಡು ಪಟ್ಣಶೆಟ್ಟಿ ಗೋಪಾಲ ರಾವ್ ಅವರನ್ನು ಕುರಿತು ನಾವು ಪ್ರಕಟಿಸಿದ ಲೇಖನದ ಬಗ್ಗೆ ತಾವು ಒಂದು ತಪ್ಪನ್ನು ತೋರಿಸಿದ್ದೀರಿ, ಒಂದು ಆಕ್ಷೇಪವನ್ನು ಎತ್ತಿದ್ದೀರಿ, ಒಂದು ಬೇಡಿಕೆಯನ್ನೂ ಮುಂದಿಟ್ಟಿದ್ದೀರಿ.

ತಪ್ಪು ನಮ್ಮದೇ. ಅವರ ಹೆಸರಿನ ಮುಂದಿರುವ ಮಹಾವೀರ ಚಕ್ರ ಮತ್ತು ವಿಶಿಷ್ಟ ಸೇವಾ ಪದಕಗಳನ್ನು ನಾವು ‘ಎರಡು ಶೌರ್ಯ ಪ್ರಶಸ್ತಿಗಳು’ ಎಂದು ಒಟ್ಟಿಗೆ ಕಟ್ಟಿ ಬರೆದಿದ್ದೆವು. ಮಹಾವೀರ ಚಕ್ರವನ್ನು ಶತ್ರುವಿನ ಎದುರಿನಲ್ಲಿ ತೋರಿದ ಪರಾಕ್ರಮಕ್ಕೆ ಮಾತ್ರ ಕೊಡುತ್ತಾರೆ. ಸರ್ಕಾರ ಅದನ್ನು 1950ರ ಜನವರಿ 26ರಂದು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಜಾರಿಗೆ ಬರುವಂತೆ ಮಾಡಿತು. ವಿಶಿಷ್ಟ ಸೇವಾ ಪದಕವಾದರೋ ಉನ್ನತ ಮಟ್ಟದ ಸೇವೆಗೆ ಸಲ್ಲುವಂಥದು, ಅದಕ್ಕೆ ಗುಂಡಿನ ಸದ್ದು ಕೇಳಿರಲೇಬೇಕೆಂದಿಲ್ಲ. ಸಮವಸ್ತ್ರದ ಎಡ ಎದೆಯ ಪಟ್ಟಿಗಳನ್ನು ನೋಡಿದರೂ ಈ ವ್ಯತ್ಯಾಸ ಕಾಣುತ್ತದೆ: ಎದೆಯ ನಡುಭಾಗಕ್ಕೆ ಹತ್ತಿರದಲ್ಲಿ ಅರ್ಧ ಬಿಳಿ, ಅರ್ಧ ಕೇಸರಿಯ ಪಟ್ಟಿ ಇದ್ದರೆ ಅದು ಮಹಾವೀರ ಚಕ್ರ, ಹಳದಿಯ ಮೇಲೆ ಮೂರು ಕಡುನೀಲಿ ಗೆರೆಗಳಿದ್ದರೆ ವಿಶಿಷ್ಟ ಸೇವಾ ಪದಕ. ಕೇಸರಿಯ ಜೊತೆಗೆ ಬಿಳಿಯ ಬದಲು ಕಡುನೀಲಿ ಇದ್ದರೆ ಅದು ವೀರ ಚಕ್ರ. 

ತಮ್ಮ ಆಕ್ಷೇಪಕ್ಕೆ ಹೆಚ್ಚು ಜಾಗ ಬೇಕು. ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಕ್ಷಿಪಣಿ ದೋಣಿಯನ್ನು ನೋಡಿ ಬಂದ ಮೇಲೆ ತಾವು ಹೀಗೆ ಕೇಳಿದ್ದೀರಿ: 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ್ದು ಇಂಥ ದೋಣಿಗಳು, ಗೋಪಾಲ ರಾವ್ ಅವರ ‘ಕಿಲ್ತಾನ್’ ನೌಕೆಯಲ್ಲಿ ಕ್ಷಿಪಣಿಯೇ ಇರಲಿಲ್ಲ, ಹಾಗಿರುವಾಗ ದೋಣಿಗಳ ಮೂವರು ಕ್ಯಾಪ್ಟನ್‌ಗಳಿಗೆ ವೀರ ಚಕ್ರ, ಜೊತೆಗೆ ಹೋದವರಿಗೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಮಹಾವೀರ ಚಕ್ರ ಎಂದರೆ ಏನು ನ್ಯಾಯ?

ಪ್ರಶ್ನೆ ಸಮಂಜಸವಾಗಿಯೇ ಇದೆ. ಆದರೆ ‘ಜೊತೆಗೆ ಹೋದವರು’ ಎಂಬ ಮಾತನ್ನು ನಾವು ಒಪ್ಪಲಾರೆವು. ಆ ದೋಣಿಗಳನ್ನು ಸೋವಿಯತ್ ಒಕ್ಕೂಟ ಕಟ್ಟಿದ್ದು ತನ್ನ ಕರಾವಳಿಯ ಕಾವಲಿಗೆ. ತಾವು ಚಪಲ್‌ನ ಮೇಲೆ ನಿಂತು ನೋಡಿದ್ದೀರಿ. ಹೆಚ್ಚೆಂದರೆ ನಲವತ್ತು ಮೀಟರ್ ಉದ್ದ, ಅದರಲ್ಲೇ ಎರಡೂ ಬದಿ ಸೇರಿ ನಾಲ್ಕು ಕ್ಷಿಪಣಿ ಗೂಡುಗಳು, ವಿಮಾನಗಳಿಗೆಂದು ಸಣ್ಣ ಫಿರಂಗಿಗಳು. ಅದರ ಟ್ಯಾಂಕಿನಲ್ಲಿ ದೂರದ ಪಯಣಕ್ಕೆ ಸಾಲುವಷ್ಟು ಎಣ್ಣೆ ಹಿಡಿಯುವುದಿಲ್ಲ, ನೀರಿನಡಿ ಜಲಾಂತರ್ಗಾಮಿ ಬಂದರೆ ತಿಳಿಯಲು ಸೋನಾರ್ ಇಲ್ಲ. ಅಂಥ ದೋಣಿಗಳನ್ನು ನೂರಾರು ಮೈಲಿ ದಾಟಿಸಿ ಶತ್ರುವಿನ ಮುಖ್ಯ ಬಂದರಿನ ಬಾಗಿಲಿಗೆ ಒಯ್ಯುವುದೇ ‘ಟ್ರೈಡೆಂಟ್’ ಎಂಬ ಹೆಸರಿನ ಆ ರಾತ್ರಿಯ ಕಾರ್ಯಾಚರಣೆಯ ಅರ್ಧ ಸಾಹಸ. ಆದ್ದರಿಂದಲೇ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳ ಜೊತೆಗೆ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚಬಲ್ಲ ಕಿಲ್ತಾನ್ ಮತ್ತು ಕಚಾಲ್ ಎಂಬ ಎರಡು ಕಾರ್ವೆಟ್‌ಗಳೂ (ಸಣ್ಣ ಯುದ್ಧನೌಕೆಗಳು), ಎಣ್ಣೆ ತುಂಬಿಸಲು ಪೋಷಕ್ ಎಂಬ ಟ್ಯಾಂಕರೂ ಹೊರಟವು. (ಕಿಲ್ತಾನ್ ಲಕ್ಷದ್ವೀಪದ ಒಂದು ದ್ವೀಪ, ಕಚಾಲ್ ನಿಕೋಬಾರಿನದು. ತಾವು ನೋಡಿದ ಚಪಲ್ ನೌಕಾಪಡೆಗೆ ಸೇರಿದ್ದು ಆ ಯುದ್ಧ ಮುಗಿದ ಮೇಲೆ, 1976ರಲ್ಲಿ.)

ಹಗಲಿಡೀ ಈ ಗುಂಪು ಪಾಕಿಸ್ತಾನದ ವಿಮಾನಗಳ ಕಣ್ಣಿಗೆ ಬೀಳದಂತೆ ಕರಾಚಿಗೆ ದಕ್ಷಿಣದಲ್ಲಿ ಸುಮಾರು 250 ನಾಟಿಕಲ್ ಮೈಲಿ ದೂರದಲ್ಲಿ ಕಾದಿತ್ತು, ಕತ್ತಲಾದ ಮೇಲೆ ಉತ್ತರಕ್ಕೆ ತಿರುಗಿತು. ಆ ರಾತ್ರಿ ವಿಧ್ವಂಸಕ ನೌಕೆ ಖೈಬರ್, ಸುರಂಗಶೋಧಕ ನೌಕೆ ಮುಹಾಫಿಜ್ ಮತ್ತು ವೀನಸ್ ಚಾಲೆಂಜರ್ ಎಂಬ ಸರಕು ಹಡಗು ಮುಳುಗಿದವು, ಕರಾಚಿ ಬಂದರಿನ ಕೇಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ಗುಂಪಿನ ಆರು ನೌಕೆಗಳಲ್ಲಿ ಒಂದನ್ನೂ, ಒಬ್ಬ ನಾವಿಕನನ್ನೂ ನಾವು ಕಳೆದುಕೊಳ್ಳಲಿಲ್ಲ. ದೋಣಿಗಳ ದಳಪತಿ ಕಮಾಂಡರ್ ಬಬ್ರು ಭಾನ್ ಯಾದವ್ ಅವರಿಗೂ ಮಹಾವೀರ ಚಕ್ರವೇ ಬಂತು.

ಗೋಪಾಲ ರಾವ್ ಅವರ ಪ್ರಶಸ್ತಿಪತ್ರವು ವಿಮಾನ, ಯುದ್ಧನೌಕೆ, ಜಲಾಂತರ್ಗಾಮಿ ಈ ಮೂರರ ದಾಳಿಯ ಭಯವಿದ್ದರೂ ಅವರು ಗುಂಪನ್ನು ಶತ್ರುವಿನ ನೀರಿನೊಳಗೆ ಮುನ್ನಡೆಸಿದ್ದನ್ನು ಎತ್ತಿ ಹೇಳುತ್ತದೆ. ಇದು ಪ್ರಶಸ್ತಿಪತ್ರಗಳಲ್ಲಿ ರೂಢಿಗೆ ಬರೆಯುವ ಮಾತೆಂದು ತಾವು ಪತ್ರದಲ್ಲಿ ತಳ್ಳಿಹಾಕಿದ್ದೀರಿ. ಆದರೆ ಆ ದಿನಗಳಲ್ಲಿ ಪಾಕಿಸ್ತಾನದ ‘ಹಂಗೋರ್’ ಜಲಾಂತರ್ಗಾಮಿ ಅದೇ ಅರಬ್ಬೀ ಸಮುದ್ರದಲ್ಲಿ ಬೇಟೆಗೆ ಕಾದಿತ್ತು. ಐದೇ ದಿನ ಕಳೆದು, ಡಿಸೆಂಬರ್ 9ರ ರಾತ್ರಿ, ಅದರ ಟಾರ್ಪೆಡೊ ‘ಖುಕ್ರಿ’ ನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳೂ 176 ನಾವಿಕರೂ ಹೋದರು. ನೌಕೆಯನ್ನು ಬಿಡದೆ ಅದರೊಂದಿಗೇ ಮುಳುಗಿದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರವಾಗಿ ಸಂದದ್ದೂ ಮಹಾವೀರ ಚಕ್ರವೇ. ಎಲ್ಲರನ್ನೂ ದಡ ಸೇರಿಸಿದವರಿಗೂ, ದಡ ಸೇರದೆ ಉಳಿದವರಿಗೂ ಒಂದೇ ಬೆಳ್ಳಿಯ ಪದಕ. ಮುಳುಗಿಸಿದ ಹಡಗುಗಳ ಲೆಕ್ಕ ಹಿಡಿದು ಈ ಪದಕವನ್ನು ಅಳೆಯಲಾಗದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನಮಗೆ ಬೇಕಿಲ್ಲ.

ಹುದ್ದೆ ನೋಡಿ ಪದಕ ಹಂಚಿದರು ಎಂಬ ತಮ್ಮ ಶಂಕೆಯನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಮುನ್ನಡೆಸಿದವರ ಹೊಣೆ ದೊಡ್ಡದೆಂದು ಎಣಿಸುವುದು ಎಲ್ಲ ದೇಶಗಳ ಪಡೆಗಳ ಪದ್ಧತಿ, ಮೂವರು ದೋಣಿ ಕ್ಯಾಪ್ಟನ್‌ಗಳಿಗೆ ಅದರಿಂದ ತುಸು ಕಡಿಮೆಯಾಯಿತೆಂದೇ ನಮ್ಮ ಅನಿಸಿಕೆಯೂ. ಆದರೂ ಅದೇ ಯುದ್ಧದಲ್ಲಿ ಲೀಡಿಂಗ್ ಸೀಮನ್ ದರ್ಜೆಯ ಚಿಮನ್ ಸಿಂಗ್ ಅವರಿಗೆ ಮಹಾವೀರ ಚಕ್ರ ಬಂದಿದೆ, ಅವರು ಅಧಿಕಾರಿಯೇ ಅಲ್ಲ. ಪರಮವೀರ ಚಕ್ರವಂತೂ ಇಂದಿನವರೆಗೂ ನೌಕಾಪಡೆಯ ಯಾರಿಗೂ ಸಂದಿಲ್ಲ.

ಇನ್ನು ತಮ್ಮ ಬೇಡಿಕೆ. ಹೆಸರಿನಲ್ಲಿ ಕಾಸರಗೋಡು ಇರುವುದರಿಂದ ಮುಂದೆ ಅವರನ್ನು ‘ಕನ್ನಡದ ನೌಕಾವೀರ’ ಎಂದೇ ಬರೆಯಬೇಕೆಂದು ತಾವು ಒತ್ತಾಯಿಸಿದ್ದೀರಿ. 1926ರಲ್ಲಿ ಅವರು ಹುಟ್ಟಿದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು, ಕೇರಳಕ್ಕೆ ಸೇರಿದ್ದು 1956ರಲ್ಲಿ. ಆ ಊರಿನ ಹೆಸರು ಕೇಳಿದರೆ ನಮಗೂ ಕರುಳು ಮಿಡಿಯುತ್ತದೆ. ಆದರೆ ಅವರು ಹುಟ್ಟಿದ್ದು ಮದುರೆಯಲ್ಲಿ, 2021ರ ಆಗಸ್ಟ್‌ನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ತೀರಿಕೊಂಡದ್ದು ಚೆನ್ನೈಯಲ್ಲಿ. ಊರ ಹೆಸರೊಂದನ್ನೇ ಹಿಡಿದು ಆ ಬಿರುದನ್ನು ಅಚ್ಚು ಹಾಕಲಾರೆವು. ಅವರ ಪೂರ್ತಿ ಹೆಸರನ್ನು ಮಾತ್ರ, ಕಾಸರಗೋಡನ್ನು ಬರಿಯ ‘ಕೆ.’ ಮಾಡದೆ, ಇನ್ನು ಮುಂದೆಯೂ ಹೀಗೆಯೇ ಬರೆಯುತ್ತೇವೆ. ಪದಕಗಳ ತಿದ್ದುಪಡಿ ಮುಂದಿನ ಸಂಚಿಕೆಯ ಮೂರನೆಯ ಪುಟದಲ್ಲಿ ಬರುತ್ತದೆ.

– ಸಂಪಾದಕ