ಚಿಪ್ಸ್ ಎಷ್ಟು ಕೆಂಪಗಾಗಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಪ್ಯಾಕೆಟ್ ಮೇಲೆ ‘ಕೃತಕ ಫ್ಲೇವರ್’ ಅಂತ ನೋಡಿದ ಮೇಲೆ ಅಂಗಡಿ ಚಿಪ್ಸ್ ತರೋದು ಬಿಟ್ಟೆ. ಮಕ್ಕಳಿಗೆ ಮನೇಲೇ ಆಲೂಗೆಡ್ಡೆ ಚಿಪ್ಸ್ ಕರಿದು ಕೊಡ್ತೀನಿ. ನಮ್ಮವರಿಗೆ ಚೆನ್ನಾಗಿ ಕೆಂಪಗಾಗಿರಬೇಕು. ಮೊನ್ನೆ ಅಣ್ಣನ ಮಗಳು, ಕರಿದರೂ ಕ್ಯಾನ್ಸರ್ ತರೋ ರಾಸಾಯನಿಕ ಹುಟ್ಟುತ್ತೆ ಅಂದಳು. ನಿಜವಾ?
– ಗೃಹಿಣಿ, ಹಾಸನ

ಉತ್ತರ: ಅವಳ ಮಾತಿನಲ್ಲಿ ಹುರುಳಿದೆ. ಆ ರಾಸಾಯನಿಕದ ಹೆಸರು ಅಕ್ರಿಲಮೈಡ್. ಅದನ್ನು ಯಾರೂ ಬೆರೆಸುವುದಿಲ್ಲ. ಗೆಡ್ಡೆಯೊಳಗಿನ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೊ ಆಮ್ಲ 120 ಡಿಗ್ರಿ ದಾಟಿದ ಒಣ ಶಾಖದಲ್ಲಿ ಕೂಡಿದರೆ ತಾನಾಗಿ ಹುಟ್ಟುತ್ತದೆ. ಕರಿದದ್ದಕ್ಕೆ ಬಣ್ಣ, ಘಮ ಬರುವುದೂ ಇದೇ ಬಗೆಯ ಕ್ರಿಯೆಯಿಂದ. ಹಾಗಾಗಿ ಕೆಂಪು ಏರಿದಂತೆ ಅಕ್ರಿಲಮೈಡೂ ಏರುತ್ತದೆ. ನೀರಲ್ಲಿ ಬೇಯಿಸಿದ ಪಲ್ಯ, ಸಾಗುವಿಗೆ ಈ ಚಿಂತೆಯಿಲ್ಲ.

ಇದು ಪತ್ತೆಯಾದ ಬಗೆ ಕೇಳಿ. 1997ರಲ್ಲಿ ಸ್ವೀಡನ್ನಿನ ಹಲಾಂಡ್ಸೋಸ್ ಗುಡ್ಡದಲ್ಲಿ ರೈಲು ಸುರಂಗ ಕೊರೆಯುವಾಗ ನೀರು ಜಿನುಗದಿರಲೆಂದು ಅಕ್ರಿಲಮೈಡ್ ಇದ್ದ ಗ್ರೌಟ್ (ಬಿರುಕು ಮುಚ್ಚುವ ದ್ರಾವಣ) ತುಂಬಿದರು. ಅದು ಸೋರಿ ಹಳ್ಳ ಸೇರಿತು. ಮೀನು ಸತ್ತವು, ಆ ನೀರು ಕುಡಿದ ಹಸುಗಳ ಕಾಲು ಸ್ವಾಧೀನ ತಪ್ಪಿತು. ಕಾರ್ಮಿಕರ ರಕ್ತ ಪರೀಕ್ಷಿಸಿದರು. ಜೊತೆಗೆ ಹೋಲಿಸಿ ನೋಡಲೆಂದು ಸುರಂಗದ ಕಡೆ ಸುಳಿಯದವರ ರಕ್ತವನ್ನೂ ತೆಗೆದರೆ, ಅದರಲ್ಲೂ ಅಕ್ರಿಲಮೈಡಿನ ಗುರುತು! ಎಲ್ಲಿಂದ ಬಂತೆಂದು ಹುಡುಕುತ್ತ ಹೋದವರು ಕೊನೆಗೆ ಊಟದ ತಟ್ಟೆಗೆ ಬಂದು ಮುಟ್ಟಿದರು. ಕರಿದ, ಬೇಕ್ ಮಾಡಿದ ತಿನಿಸುಗಳಲ್ಲಿ ಅದು ಇದೆಯೆಂದು 2002ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು.

ಅಕ್ರಿಲಮೈಡ್ ಪ್ರಾಣಿಗಳಲ್ಲಿ ಕ್ಯಾನ್ಸರ್ ತರುವುದು ಖಚಿತ, ಆದರೆ ಆ ಪ್ರಯೋಗಗಳಲ್ಲಿ ಕೊಟ್ಟದ್ದು ನಾವು ತಿನ್ನುವುದಕ್ಕಿಂತ ಬಹಳ ಹೆಚ್ಚು. ಮನುಷ್ಯರ ಊಟದ ಅಧ್ಯಯನಗಳಲ್ಲಿ ಒಂದೇ ತೆರನ ಉತ್ತರ ಸಿಕ್ಕಿಲ್ಲ. ಅಪರೂಪಕ್ಕೆ ತಿಂದ ಚಿಪ್ಸಿಗೆ ಹೆದರಬೇಡಿ. ದಿನವೂ ತಿನ್ನುವ ಮಕ್ಕಳ ವಿಷಯ ಬೇರೆ. ಅವರ ಮೈತೂಕ ಕಡಿಮೆ, ಅದಕ್ಕೆ ಹೋಲಿಸಿದರೆ ಒಳಹೋಗುವ ಪ್ರಮಾಣ ದೊಡ್ಡದು.

‘ಕೃತಕ’ ಎಂಬ ಪದ ಮಾತ್ರ ನೋಡಿ ಬೆಚ್ಚಬೇಕಿಲ್ಲ. ಕಾರ್ಖಾನೆಯ ವೆನಿಲಿನ್ ಅಣುವೂ ವೆನಿಲ್ಲಾ ಕೋಡಿನ ವೆನಿಲಿನ್ ಅಣುವೂ ಒಂದೇ. ಬೆಣ್ಣೆಯ ಘಮ ಕೊಡುವ ಡಯಾಸಿಟೈಲ್ ನಿಜವಾದ ಬೆಣ್ಣೆಯಲ್ಲೂ ಇದೆ. ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಅದೇ ಡಯಾಸಿಟೈಲ್ ಇದ್ದ ಬೆಣ್ಣೆ ಫ್ಲೇವರಿನ ಆವಿ ಉಸಿರಾಡಿದ ಕಾರ್ಮಿಕರ ಶ್ವಾಸಕೋಶ ಸರಿಯಾಗದಷ್ಟು ಕೆಟ್ಟದ್ದು 2000ದಲ್ಲಿ ಬೆಳಕಿಗೆ ಬಂತು. ಆ ಜನರ ನೋವು ನನ್ನ ಮನಸ್ಸಿನಿಂದ ಹೋಗಿಲ್ಲ. ಅಲ್ಲಿ ಕೇಡು ತಂದದ್ದು ಉಸಿರಿನ ದಾರಿ, ಬಾಯಿಯ ದಾರಿಯಲ್ಲ. ಹಾಗೆಂದು ಪ್ಯಾಕೆಟ್ಟಿಗೆ ಮರಳಿ ಎನ್ನುತ್ತಿಲ್ಲ: ಅದರಲ್ಲೂ ಅಕ್ರಿಲಮೈಡ್ ಇರುತ್ತದೆ, ಲೇಬಲ್ ಮೇಲೆ ಬರೆದಿರುವುದಿಲ್ಲ.

ಇನ್ನು ನಿಮ್ಮ ಬಾಣಲೆಗೆ ಬರೋಣ. ಕೋಲ್ಡ್ ಸ್ಟೋರೇಜಿನಲ್ಲಿದ್ದು ಸಿಹಿಯಾದ ಗೆಡ್ಡೆ ಎಣ್ಣೆಗೆ ಬಿದ್ದೊಡನೆ ಕೆಂಪಾಗುತ್ತದೆ. ಅದನ್ನು ಪಲ್ಯಕ್ಕಿಡಿ. ಹೆಚ್ಚಿದ ಬಿಲ್ಲೆಗಳನ್ನು ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಸಕ್ಕರೆ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಬೆಳ್ಳಗಾದ ಆ ನೀರು ಚೆಲ್ಲಿ, ಬಟ್ಟೆಯ ಮೇಲೆ ಪೂರ್ತಿ ಒರೆಸಿ ಆರಿಸಿ. ಎಣ್ಣೆ 175 ಡಿಗ್ರಿ ದಾಟದಿರಲಿ, ಹೊಗೆಯಾಡಲು ಬಿಡಲೇಬೇಡಿ. ಗರಿಗರಿ ಬರುವುದು ನೀರಿನಂಶ ಹೋಗುವುದರಿಂದ, ಅದಕ್ಕೆ ಕೆಂಪು ಬೇಕಿಲ್ಲ. ಚೊರಗುಟ್ಟುವ ಸದ್ದು ಇಳಿದು ಗುಳ್ಳೆ ನಿಲ್ಲುತ್ತ ಬಂದಾಗ, ತಿಳಿ ಹೊಂಬಣ್ಣದಲ್ಲೇ ಎತ್ತಿಬಿಡಿ. ಅಂಚು ಕಪ್ಪಾದವನ್ನು ಆರಿಸಿ ಎಸೆಯಿರಿ. ನಿಮ್ಮವರಿಗೂ ಒಂದು ಸಲ ಹಾಗೇ ಕೊಟ್ಟು ನೋಡಿ.

ಕಾಫಿ ಬೆಳೆಯುವ ಜಿಲ್ಲೆಯವರಾದ್ದರಿಂದ ಕೇಳದಿದ್ದರೂ ಒಂದು ಮಾತು. ಕಾಫಿ ಬೀಜ, ಚಿಕೋರಿ ಹುರಿಯುವಾಗಲೂ ಅಕ್ರಿಲಮೈಡ್ ಹುಟ್ಟುತ್ತದೆ, ಚಿಕೋರಿಯಲ್ಲಿ ಹೆಚ್ಚು. ಅಕ್ರಿಲಮೈಡಿಗೆ ಐರೋಪ್ಯ ಒಕ್ಕೂಟ ಇಟ್ಟಿರುವ ಮಾನದಂಡ ಹುರಿದ ಕಾಫಿಗೆ ಕಿಲೋಗೆ 400 ಮೈಕ್ರೋಗ್ರಾಂ, ಬರೀ ಚಿಕೋರಿಗೆ 4000. ಮುಂದಿನ ಸಲ ಪುಡಿ ಮಾಡಿಸುವಾಗ ಚಿಕೋರಿ ಕಡಿಮೆ ಹಾಕಿಸಿ.